ಮರ ನುಂಗಿದ ಬಿಲ್ಲೆ

ಬೆಳಿಗ್ಗೆ ಮೈದಾನದ ಗೇಟು ತೆಗೆದ ಸದಾಶಿವನಿಗೆ ಮರದ ಮಿಲ್ಲಿನ ಕಡೆಯ ಮೂಲೆಯಲ್ಲಿ ಬರೀ ಆಕಾಶ ಕಂಡಿತು. ಅಲ್ಲಿ ಆಕಾಶ ಕಾಣಬಾರದು. ಅಲ್ಲೊಂದು ಐವತ್ತು ವರ್ಷದ ಸಾಗವಾನಿ ಮರ ಇರಬೇಕು.

"ಅಯ್ಯೋ ಶಿವನ!" ಎಂದವನೇ ಲುಂಗಿ ಎತ್ತಿ ಕಟ್ಟಿ ಓಡಿದ. ಓಡುವುದು ಅವನಿಗೆ ಹೊಸತಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಷ್ಟು ಕಾಲ ಆ ಮನುಷ್ಯ ಸೀಟಿನಲ್ಲಿ ಕೂತದ್ದನ್ನು ಯಾರೂ ನೋಡಿಲ್ಲ. ನಿವೃತ್ತಿಯಾದ ಮೇಲೆ ಡಿಪೋ ಬಾಯ್ಸ್ ಫುಟ್‌ಬಾಲ್ ಕ್ಲಬ್ಬಿನ ಲೈನ್‌ಮನ್ ಆಗಿ ಬಾವುಟ ಹಿಡಿದು ಗೆರೆಯುದ್ದಕ್ಕೂ ಓಡುತ್ತಾನೆ, ಆಟ ಇಲ್ಲದ ದಿನವೂ. ನಿದ್ದೆಯಲ್ಲೂ ಅವನ ಕಾಲು ಆಡುತ್ತಿರುತ್ತದೆ ಎಂದು ಹೆಂಡತಿ ವಾಣಿಶ್ರೀ ಬನವಾಸಿಯ ತವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಮರ ಬೇಲಿಯ ಆಚೆಗೆ ಬಿದ್ದಿತ್ತು. ಮಂಡಿಯೆತ್ತರದ ಬುಡ ಉಳಿದಿತ್ತು. ಬುಡದ ಮೇಲೆ ಯಾರೋ ಒಂದು ಹಸಿರು ಚಿಗುರು ಇಟ್ಟು, ಹಾರಿಹೋಗದಂತೆ ಕಲ್ಲು ಹೇರಿದ್ದರು. ಬಿದ್ದ ಕಾಂಡವನ್ನು ಎದೆಮಟ್ಟದಲ್ಲಿ ಎರಡು ಕಡೆ ಕೊಯ್ದು ನಡುವಿನ ಮೊಳದುದ್ದದ ತುಂಡನ್ನು ಮಾಯ ಮಾಡಿದ್ದರು. ಅದರ ಮೇಲಿನ ಉದ್ದ ನಾಟಾ ದಿಮ್ಮಿ, ಹಗ್ಗ ಹಿಡಿದಷ್ಟು ನೆಟ್ಟಗೆ, ಅಲ್ಲೇ ಬಿದ್ದಿತ್ತು. ಮೈದಾನದ ಸುಣ್ಣದ ಗೆರೆ ಮಾತ್ರ ಮೂಲೆಯವರೆಗೂ ಅಚ್ಚುಕಟ್ಟಾಗಿತ್ತು, ಎಲ್ಲೂ ಒಂದು ಹೆಜ್ಜೆ ಬಿದ್ದಿರಲಿಲ್ಲ. ಸದಾಶಿವ ಕುಕ್ಕರುಗಾಲಲ್ಲಿ ಕೂತು ಮೂಲೆಯ ಗೆರೆಯಿಂದ ಒಂದು ಮುಷ್ಟಿ ಎತ್ತಿ ನೋಡಿದ. ಬೆಳ್ಳನೆಯ ಸುಣ್ಣ, ಅದರ ಕೆಳಗೆ ಹಸಿ ಮರದ ಹೊಟ್ಟು. ಕೈಯೆಲ್ಲ ಬೆಳ್ಳಗಾಯಿತು. ಲುಂಗಿಗೆ ಒರೆಸಿಕೊಂಡು, ಏನು ಮಾಡುವುದೆಂದು ತೋಚದೆ, ಮೂಲೆಯಿಂದ ಗೇಟಿಗೂ ಗೇಟಿನಿಂದ ಮೂಲೆಗೂ ಓಡಾಡತೊಡಗಿದ.

ಹೋಗಲಿ, ಮರ ಅಂದರೆ ಯಾವ ಮರ ಎಂದು ಹೇಳದಿದ್ದರೆ ಈ ಓಡಾಟ ನಿಮಗೆ ಹುಚ್ಚು ಅನ್ನಿಸೀತು. ಐವತ್ತು ವರ್ಷದ ಹಿಂದೆ ಶಿರಸಿಯ ನಾಟಾ ಡಿಪೋದಲ್ಲಿ ಮರ ಹೊರುವ, ಕೊಯ್ಯುವ ಆಳುಗಳು ಊಟದ ಬಿಡುವಿನಲ್ಲಿ ಚಕ್ಕೋತ ಹಣ್ಣನ್ನು ಒದ್ದು ಆಡುತ್ತಿದ್ದರು. ಚೆಂಡಿಗೆ ಗತಿ ಇರಲಿಲ್ಲ. ಹಾಗೆ ಹುಟ್ಟಿದ್ದು ಡಿಪೋ ಬಾಯ್ಸ್. ಮೊಮ್ಮಕ್ಕಳು ಆಡುವ ಕಾಲ ಬಂದರೂ ಬಾಯ್ಸ್ ಬಾಯ್ಸೇ! ಮೂಲೆಗೆ ಬಾವುಟ ನೆಟ್ಟರೆ ದನ ತಿಂದುಹಾಕುತ್ತವೆಂದು, ಶುರು ಮಾಡಿದ ನಾಲ್ವರು ನಾಲ್ಕು ಮೂಲೆಗೆ ಒಂದೊಂದು ಸಾಗವಾನಿ ಸಸಿ ನೆಟ್ಟರು. ಸಿದ್ದಾಪುರ, ಯಲ್ಲಾಪುರದವರನ್ನು ಸೋಲಿಸಿ ಮೂರು ತಾಲೂಕಿನ ಕಪ್ಪನ್ನು ಮೊದಲ ಸಲ ತಂದ ವರ್ಷ, ಒಬ್ಬೊಬ್ಬರೂ ತಮ್ಮ ಡಿಪೋ ಬಿಲ್ಲೆಯನ್ನು, ಅಂದರೆ ಸಂಬಳದ ದಿನ ತೋರಿಸುವ ಹಿತ್ತಾಳೆ ಗುರುತನ್ನು, ತಮ್ಮ ತಮ್ಮ ಮರಕ್ಕೆ ಎದೆಮಟ್ಟದಲ್ಲಿ ಮೊಳೆ ಹೊಡೆದು ಕೂರಿಸಿದರು. ಮರ ಬೆಳೆಯಿತು, ಬಿಲ್ಲೆಯನ್ನು ನುಂಗಿತು. ಈಗ ಹೊರಗೆ ಕಾಣುವುದು ಒಂದು ಗಂಟು ಅಷ್ಟೆ. ಇವತ್ತು ಕ್ಲಬ್ಬಿನ ಸುವರ್ಣ ವರ್ಷದ ಮೊದಲ ಪಂದ್ಯ, ಸಿದ್ದಾಪುರದ ಜೊತೆ. ಇವತ್ತೇ ಈ ಅನಾಹುತ.

ಗಳಿಗೆಯಲ್ಲಿ ಜನ ಸೇರಿದರು. ಎದುರಿನ ಚಹಾದಂಗಡಿಯ ಗೌರಕ್ಕ ಸೌಟು ಹಿಡಿದೇ ಬಂದಳು. ಕ್ಲಬ್ಬಿನ ಕಾರ್ಯದರ್ಶಿ ದಿನಕರ ಸ್ಕೂಟರಿನಲ್ಲಿ ಬಂದು ತಲೆ ಚಚ್ಚಿಕೊಂಡ. ಅವನಿಗೆ ಪೇಟೆಯಲ್ಲಿ ಹುಲ್ಲು ಕತ್ತರಿಸುವ, ಮರ ಕೊಯ್ಯುವ ಮಷಿನ್ನಿನ ಅಂಗಡಿ.

"ನಿನ್ನೆ ಮಧ್ಯಾಹ್ನ ನಾನೇ ಬಂದು ಸುಣ್ಣದ ಗೆರೆ ಎಳೆದೆ ಮಾರಾಯ್ರೆ," ಅಂದ. "ಮರ ಆಗ ಗಟ್ಟಿಯಾಗಿ ನಿಂತಿತ್ತು. ಮಿಲ್ ಬಿಡೂಕೂ ಮುಂಚೆ ಮುಗಿಸಿ ಹೊರಟೆ. ಇದು ರಾತ್ರಿ ಮಾಡಿದ ಕೆಲಸ." ಆಮೇಲೆ ಕ್ಯಾಪ್ಟನ್ ದರ್ಶನನ ಕಡೆ ತಿರುಗಿದ. "ಹೋದ ವಾರ ನನ್ನ ಅಂಗಡಿಯಿಂದ ಚೈನ್‌ಸಾ ಒಯ್ದವ ಯಾರಾ? ಇನ್ನೂ ವಾಪಸ್ ಕೊಡಲಿಲ್ಲ ಅಲ್ದಾ?"

ದರ್ಶನನ ಮುಖ ಬಿಳುಚಿತು. ಹದಿನೈದು ದಿನದ ಹಿಂದೆ ಅದೇ ಮರದ ಬೇರಿಗೆ ಎಡವಿ ಕಾಲು ಉಳುಕಿಸಿಕೊಂಡು, "ಈ ಹಾಳು ಮರ ಕಡಿದು ಒಗೀಬೇಕು" ಎಂದು ಎಲ್ಲರೆದುರು ಕೂಗಿದ್ದು ಅವನೇ. "ಮಷಿನ್ ಮನೇಲಿ ಉಂಟು. ರಸ್ತೆಗೆ ಬಿದ್ದ ಟೊಂಗೆ ಕೊಯ್ಯೂಕೆ ತಂದಿದ್ದೆ," ಅಂದ. "ನಾನ್ಯಾಕೆ ಕಡಿಲಿ ದಿನಕರಣ್ಣ? ಸಿಟ್ಟಲ್ಲಿ ಹೇಳಿದ ಮಾತು ಅದು."

"ರಾತ್ರಿ ಎಲ್ಲಿದ್ದೆ?"

"ಯಲ್ಲಾಪುರದಿಂದ ಬಂದು ಊಟ ಮಾಡ್ದೆ. ನಿದ್ದೆ ಬರಲಿಲ್ಲ. ಒಬ್ನೇ ತಿರುಗಾಡ್ತಾ ಇದ್ದೆ."

ನಿದ್ದೆ ಬರದಿದ್ದುದಕ್ಕೆ ಕಾರಣ ಊರಿಗೆಲ್ಲ ಗೊತ್ತು. ದರ್ಶನನಿಗೆ ಫಾರೆಸ್ಟ್ ಗಾರ್ಡ್ ಕೆಲಸ ಆಗಿತ್ತು, ಆದೇಶ ಕೈಗೆ ಬರುವುದೊಂದೇ ಬಾಕಿ. ಸಾಗವಾನಿ ಕಡಿದ ಕೇಸಿನಲ್ಲಿ ಅವನ ಹೆಸರು ಬಿದ್ದರೆ ಆ ಕೆಲಸಕ್ಕೆ ಎಳ್ಳುನೀರು. ಅಪ್ಪ ಅಮ್ಮ ಇಲ್ಲದ ಹುಡುಗ, ತಲೆಹೊರೆ ಹೊತ್ತು ಸಾಕಿದ ಅಜ್ಜಿ ತಿಮ್ಮಿ. ಅಷ್ಟರಲ್ಲಿ ಫಾರೆಸ್ಟರ್ ಭರತ್ ಜೀಪಿನಿಂದ ಇಳಿದ. ದಿನಕರ ಓಡಿಹೋಗಿ, "ದೂರು ಕೊಡ್ತೇನೆ ಸಾರ್, ಹೆಸರು ಸಮೇತ ಕೊಡ್ತೇನೆ," ಅಂದ.

"ಸ್ವಲ್ಪ ತಡೀರಿ ಭರತ್." ಹಿಂದಿನಿಂದ ಒಂದು ದನಿ. ಮಮತಕ್ಕ ಬಂದಿದ್ದಳು, ಕೊರಳಲ್ಲಿ ಎಂದಿನಂತೆ ಸೀಟಿ.

ಶಿರಸಿಯಲ್ಲಿ ಏನು ಕಳೆದರೂ ಮೊದಲ ಸುದ್ದಿ ಮಮತಕ್ಕನಿಗೆ, ಪೊಲೀಸರಿಗೆ ಆಮೇಲೆ. ನೌಕರಿ ಇದ್ದಷ್ಟು ದಿನ ಡ್ರಿಲ್ ಟೀಚರ್, ಭಾನುವಾರ ರೆಫರಿ. ಇಪ್ಪತ್ತೆರಡು ಜನ ಒಟ್ಟಿಗೆ ಸುಳ್ಳು ಹೇಳುವುದನ್ನು ಕೇಳಿ ಕೇಳಿ ಅವಳ ಕಿವಿ ಪಳಗಿದೆ. ಭರತ್ ಅವಳ ಹತ್ತಿರವೇ ಕಸರತ್ತು ಕಲಿತವನು. ಇವತ್ತಿಗೂ ಅವಳೆದುರು ಎದೆ ನೆಟ್ಟಗೆ ಮಾಡಿ ನಿಲ್ಲುತ್ತಾನೆ.

"ಪಂದ್ಯ ಶುರುವಾಗೂ ತನಕ ಕೇಸು ಬರೀಬೇಡಿ," ಅಂದಳು. "ಅಷ್ಟರೊಳಗೆ ಯಾರು ಅಂತ ಹೇಳದಿದ್ರೆ ಇವನ ಹೆಸರೇ ಬರೀರಿ."

ದರ್ಶನ ಬೆಚ್ಚಿ ನೋಡಿದ. ಸದಾಶಿವನೂ ನೋಡಿದ. ಮಮತಕ್ಕ ಬುಡದ ಮೇಲಿನ ಚಿಗುರನ್ನು ನೋಡುತ್ತಿದ್ದಳು.

"ಅಲ್ರಿ ಮಮತಕ್ಕಾ, ಹಂಗ್ಯಾಕ ಮಾತು ಕೊಟ್ರಿ?" ಜನ ಚದುರಿದ ಮೇಲೆ ಸದಾಶಿವ ಅವಳ ಸುತ್ತ ಸುತ್ತುತ್ತ ಕೇಳಿದ. "ಹುಡುಗನ ಅನ್ನಕ್ಕ ಕಲ್ಲು ಬೀಳ್ತೈತ್ರಿ!"

"ಒಂದು ಕಡೆ ನಿಲ್ಲು ಸದಾಶಿವಣ್ಣ, ನಂಗೆ ತಲೆ ತಿರಗ್ತದೆ. ನೀನು ಮೊದಲು ಬಂದಾಗ ಎಂತೆಂತ ಕಂಡೆ, ಒಂದೂ ಬಿಡದೆ ಹೇಳು."

ಅವನು ಎಲ್ಲ ಹೇಳಿದ. ಕೈಗೆ ಸುಣ್ಣ ಮೆತ್ತಿದ್ದನ್ನೂ, ಅದರಿಂದ ಲುಂಗಿ ಹಾಳಾದದ್ದನ್ನೂ. ಮಮತಕ್ಕ ಮೂಲೆಗೆ ಹೋಗಿ, ಒಂದು ಕಡ್ಡಿಯಿಂದ ಗೆರೆಯನ್ನು ಕೆದಕಿ ನೋಡಿ, "ಹ್ಞೂಂ" ಅಂದಳು. ಆಮೇಲೆ ಚಹಾದಂಗಡಿಗೆ ನಡೆದಳು.

ಗೌರಕ್ಕನಿಗೆ ನಿದ್ದೆ ಬಾರದೆ ವರ್ಷಗಳಾಗಿವೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿ ಊರಿನ ಸದ್ದನ್ನೆಲ್ಲ ಲೆಕ್ಕ ಹಾಕುವುದೇ ಅವಳ ರಾತ್ರಿ. "ನಿನ್ನೆ ರಾತ್ರಿ ಎಂತದೂ ಇಲ್ಲ," ಅಂದಳು. "ಮಾಡಿನ ಮೇಲೆ ಬೆಕ್ಕು ಓಡಾಡಿದ್ದು, ದರ್ಶನ ಶಿಳ್ಳೆ ಹಾಕ್ತಾ ಆಚೆ ರಸ್ತೇಲಿ ಹೋಗಿದ್ದು, ಅಷ್ಟೆ. ಮಿಲ್ ನಡೀತಾ ಇರುವಷ್ಟು ಹೊತ್ತು ನನ್ನ ಪಕ್ಕ ಕೂತವ್ರು ಮಾತಾಡಿದ್ರೂ ಕೇಳೂದಿಲ್ಲ. ಮಿಲ್ ನಿಂತ್ರೆ ಎಲೆ ಬಿದ್ದದ್ದೂ ಕೇಳ್ತದೆ."

"ನಿನ್ನೆ ಸಂಜೆ ಮೈದಾನದಲ್ಲಿ ಯಾರ್ಯಾರಿದ್ರು?"

"ಯಾರಿರ್ತಾರೆ? ನೀವೆಲ್ಲ ಯಲ್ಲಾಪುರಕ್ಕೆ ಹೋಗಿದ್ರಲ್ಲ. ಅಂಗಡಿ ಒಳಗಿಂದ ಮಿಲ್ ಮೂಲೆ ಕಾಣೂದೂ ಇಲ್ಲ."

ಅದು ನಿಜ. ಮಧ್ಯಾಹ್ನವೇ ಟೆಂಪೋ ಹತ್ತಿ, ಮಾಗೋಡು ರಸ್ತೆಯ ಮೈದಾನದಲ್ಲಿ ಯಲ್ಲಾಪುರದವರ ಜೊತೆ ಅಭ್ಯಾಸ ಪಂದ್ಯ ಆಡಿ, ಕತ್ತಲಾದ ಮೇಲೆ ಮರಳಿದ್ದರು. ಸೀಟಿ ಊದಿದವಳು ಮಮತಕ್ಕ, ಬಾವುಟ ಹಿಡಿದವನು ಸದಾಶಿವ. ದಿನಕರ ಮಾತ್ರ ಸುಣ್ಣದ ಕೆಲಸ ಇದೆಯೆಂದು ಊರಲ್ಲೇ ಉಳಿದಿದ್ದ.

ಅಲ್ಲಿಂದ ಶಾಂತಾರಾಮ ಅಜ್ಜನ ಮನೆ. ಶುರು ಮಾಡಿದ ನಾಲ್ವರಲ್ಲಿ ಉಳಿದವನು ಇವನೇ ಎಂದು ಕ್ಲಬ್ಬಿನವರ ಲೆಕ್ಕ. ಡಿಪೋದಲ್ಲಿ ಗರಗಸ ಎಳೆದೆಳೆದು ಎರಡೂ ಹೆಗಲು ಹಿಡಿದುಹೋಗಿವೆ. ಚಹಾದ ಲೋಟವನ್ನೂ ಸೊಸೆ ಸೌಮ್ಯಳೇ ಬಾಯಿಗೆ ಹಿಡಿಯಬೇಕು. ಮರ ಬಿದ್ದ ಸುದ್ದಿ ಕೇಳಿ ಅಜ್ಜ ಕಣ್ಣೀರು ಹಾಕುತ್ತಿದ್ದ.

"ನಾ ಮೀಟಿಂಗಲ್ಲೇ ಹೇಳಿದ್ದೆ," ಅಂದ. "ಆ ಮರ ದಿನಕರನ ಅಪ್ಪ ಬೀರಣ್ಣಂದಲ್ಲ. ಬೀರಣ್ಣ ನನ್ನ ಜೊತೆ ಗರಗಸ ಎಳೆಯೂಕೆ ಬಂದಿದ್ದು ಆಮೇಲೆ. ಅದು ಹೆಣ್ಣಾಳಿನ ಮರ."

ಸದಾಶಿವ ತಲೆ ಕೆರೆದುಕೊಂಡ. ಹೋದ ತಿಂಗಳ ಮೀಟಿಂಗಿನಲ್ಲಿ ಅಜ್ಜ ಹೀಗಂದಾಗ ಎಲ್ಲರೂ ನಕ್ಕಿದ್ದರು. ದಿನಕರ ಬರೆದ ಕ್ಲಬ್ಬಿನ ಇತಿಹಾಸದಲ್ಲಿ ನಾಲ್ಕನೆಯ ಹೆಸರು ಬೀರಣ್ಣನದು. ಹೊಸ ಪೆವಿಲಿಯನ್ನಿಗೂ ಅದೇ ಹೆಸರು ಇಡುವುದೆಂದು ಠರಾವಾಗಿತ್ತು. ಅಜ್ಜ ಹಟ ಬಿಡದೆ, ಹಾಗಾದರೆ ಬಡಗಿಯನ್ನು ಕರೆಸಿ ನಾಲ್ಕೂ ಮರದ ಬಿಲ್ಲೆ ಹೊರಗೆ ತೆಗೆಸಿ ಎಂದ. ಸುವರ್ಣ ವರ್ಷಕ್ಕೆ ಅದೂ ಒಂದು ಚಂದ ಎಂದು ಎಲ್ಲರೂ ಒಪ್ಪಿದ್ದರು. ನಾಡಿದ್ದು ಬಡಗಿ ಬರುವವನಿದ್ದ.

"ಬಿಲ್ಲೆ ನೋಡಿದ್ರೆ ಯಾರದು ಅಂತ ಗೊತ್ತಾಗ್ತದಾ ಅಜ್ಜಾ?" ಮಮತಕ್ಕ ಕೇಳಿದಳು.

"ಗೊತ್ತಾಗದೆ ಎಂತ? ಗಂಡಾಳಿಗೆ ದುಂಡನೆ ಬಿಲ್ಲೆ, ಹೆಣ್ಣಾಳಿಗೆ ಚೌಕದ್ದು. ಆದ್ರೆ ಆ ಹುಡುಗಿ ಯಾರು... ಮುಖ ಕಣ್ಣೆದುರು ಬರ್ತದೆ, ಹೆಸರು ಬಾಯಿಗೆ ಬರೂದಿಲ್ಲ. ಸೀರೆ ಕಚ್ಚೆ ಹಾಕಿ ಗೋಲಲ್ಲಿ ನಿಂತರೆ ನಮ್ಮ ಯಾರ ಚೆಂಡೂ ಒಳಗೆ ಹೋಗ್ತಿರಲಿಲ್ಲ." ಅಜ್ಜ ತನ್ನ ಮಂಡೆಯನ್ನೇ ಬೈದುಕೊಂಡ.

"ಇನ್ನೊಂದು ಕೇಳ್ತೆ. ಕಡಿದ ಬುಡದ ಮೇಲೆ ಚಿಗುರು ಇಡೂದು ಎಂತಕ್ಕೆ?"

ಅಜ್ಜನ ಮುಖ ಗಂಭೀರವಾಯಿತು. "ಕೊಯ್ಯುವವರ ಪದ್ಧತಿ ಅದು. ಬುಡ ಬೋಳು ಬಿಟ್ಟು ಬಂದ್ರೆ ಮರದ ಶಾಪ ಮನೆ ತನಕ ಬರ್ತದೆ. ಹಸಿರು ಇಟ್ಟು, ಕಲ್ಲು ಹೇರಿ, ತಿರುಗಿ ನೋಡದೆ ಬರಬೇಕು. ಈಗಿನವ್ರಿಗೆ ಎಲ್ಲಿ ಗೊತ್ತು? ನಮ್ಮ ನಮ್ಮ ಮಕ್ಕಳಿಗೆ ನಾವು ಹೇಳಿಕೊಟ್ಟಷ್ಟು."

ದಾರಿಯಲ್ಲಿ ಸದಾಶಿವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸೂರ್ಯ ಏರಿಬಿಟ್ಟಿದ್ದ, ಮಮತಕ್ಕ ನಿಧಾನ ನಡೆಯುತ್ತಿದ್ದಳು. ತಿಮ್ಮಿಯ ಮನೆಯಂಗಳದಲ್ಲಿ ದರ್ಶನ ಗೋಡೆಗೊರಗಿ ಕೂತಿದ್ದ. ಬೂಟು ಪಕ್ಕಕ್ಕೆ ಬಿದ್ದಿತ್ತು. ತಿಮ್ಮಿ ಚಕ್ಕೋತ ಹಣ್ಣು ಆರಿಸುತ್ತಿದ್ದಳು. ಪ್ರತಿ ವರ್ಷ ಮೊದಲ ಪಂದ್ಯಕ್ಕೆ ಮ್ಯಾಚಿನ ಚೆಂಡಿಗಿಂತ ಮುಂಚೆ ಒಂದು ಚಕ್ಕೋತವನ್ನು ಗೋಲಿಗೆ ಒದೆಯುವುದು ಕ್ಲಬ್ಬಿನ ಸಂಪ್ರದಾಯ. ಹಣ್ಣು ಯಾವಾಗಲೂ ತಿಮ್ಮಿಯ ಮನೆಯದೇ.

"ಹಣ್ಣು ಕೊಡೂದಿಲ್ಲ ಹೋಗಿ ಅನ್ನಬೇಕು ನಿಮ್ಮ ಕ್ಲಬ್ಬಿಗೆ," ತಿಮ್ಮಿ ಅವರನ್ನು ಕಂಡದ್ದೇ ಸಿಡಿದಳು. "ನನ್ನ ಮೊಮ್ಮಗ ಮರ ಕಡೀತಾನಾ? ಬೆಳಗಿಂದ ಒಂದು ತುತ್ತು ತಿನ್ನಲಿಲ್ಲ. ಆ ಕೆಲಸ ಹೋದ್ರೆ ಇವ ಉಳಿಯೂದಿಲ್ಲ ತಂಗಿ."

ಹೇಳುತ್ತಲೇ ಒಂದು ಹಣ್ಣನ್ನು ನೆಲಕ್ಕೆ ಬಿಟ್ಟು, ಉರುಳಿಹೋಗುವುದನ್ನು ಅಂಗಾಲಿನಿಂದ ಮೆತ್ತಗೆ ತಡೆದು, ಹಿಂದಕ್ಕೆ ಎಳೆದು, "ಇದು ಬೇಡ, ಓರೆ ಹೋಗ್ತದೆ," ಎಂದು ಬುಟ್ಟಿಗೆ ಎಸೆದಳು. ಮಮತಕ್ಕ ಅವಳ ಕಾಲನ್ನೇ ನೋಡಿದಳು. ದರ್ಶನನ ಕಡೆ ತಿರುಗಿ, "ಬೂಟು ಹಾಕು. ಇವತ್ತು ಆಡೂದುಂಟು," ಎಂದಷ್ಟೇ ಹೇಳಿ ಹೊರಟಳು.

"ಏನರ ತಿಳೀತೇನ್ರಿ?" ಸದಾಶಿವನಿಗೆ ತಡೆಯದಾಯಿತು.

"ಯಾರು ಅಂತ ಗೊತ್ತಾಯ್ತು. ಯಾವಾಗ, ಎಂತಕ್ಕೆ, ಅದೂ ಗೊತ್ತಾಯ್ತು. ಆ ತುಂಡು ಎಲ್ಲಿ ಅಂತ ಗೊತ್ತಾಗದಿದ್ರೆ ಇದೆಲ್ಲ ಬರೀ ಬಾಯಿಮಾತು. ಹಸಿ ಸಾಗವಾನಿ ಸುಡೂಕೆ ಬರೂದಿಲ್ಲ, ಗಾಡಿ ಮೇಲೆ ಒಯ್ದರೆ ಫಾರೆಸ್ಟಿನವರ ನಾಕೇಬಂದಿಯಲ್ಲಿ ಸಿಕ್ಕಿಬೀಳ್ತದೆ."

ಸದಾಶಿವ ಮಿಲ್ಲಿನ ಸೌದೆ ರಾಶಿ ಕೆದಕಿದ, ಬಾವಿ ಬಗ್ಗಿ ನೋಡಿದ, ಚರಂಡಿಗೆ ಕೋಲು ಹಾಕಿದ. ಎಲ್ಲೂ ಇಲ್ಲ. ಸಿದ್ದಾಪುರದವರ ಬಸ್ಸು ಬಂದು ನಿಂತಿತು. ಇನ್ನು ಹೊತ್ತೆಲ್ಲಿ ಉಳಿಯಿತು? ಕೊನೆಗೆ ಬೆವರು ಸುರಿಸಿಕೊಂಡು ಕ್ಲಬ್ ಕೋಣೆಗೆ ಬಂದ, ಕಪ್ಪಿಗೆ ಹಾರ ಹಾಕುವುದು ಅವನ ವರ್ಷದ ಕೆಲಸ. ಗೋಡೆ ಬದಿಯ ಮೇಜಿನ ಮೇಲೆ ಕೆಂಪು ಮಖಮಲ್ ಬಟ್ಟೆ ಹೊದಿಸಿದ ಪೀಠ, ಅದರ ಮೇಲೆ ಕಪ್ಪು. ತುದಿಗಾಲಲ್ಲಿ ನಿಂತರೂ ಹಾರ ಎಟುಕಲಿಲ್ಲ. ಆಯ ತಪ್ಪಿ ಪೀಠಕ್ಕೆ ಕೈ ಊರಿದ. ಬಟ್ಟೆ ತಣ್ಣಗೆ ತೇವವಾಗಿತ್ತು.

"ಮಮತಕ್ಕಾ, ನೋಡ್ರಿ ನನ್ನ ಗತಿ!" ಬಾಗಿಲಲ್ಲಿ ನಿಂತವಳಿಗೆ ಹೇಳಿದ. "ಹೋದ ವರ್ಷ ನಿಂತಲ್ಲೇ ಹಾಕೀನಿ. ಈ ವರ್ಷ ಎಟಕವಲ್ದು. ವಯಸ್ಸಾದಂಗ ಮನುಷ್ಯಾ ಗಿಡ್ಡ ಆಗ್ತಾನೇನ್ರಿ?"

ಮಮತಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಹಾರ ಅಲ್ಲಿಡು ಸದಾಶಿವಣ್ಣ," ಅಂದಳು. "ಎಲ್ಲರನ್ನೂ ಇಲ್ಲಿಗೆ ಕರಿ. ತಿಮ್ಮಕ್ಕನ್ನೂ ಕರಿ, ಶಾಂತಾರಾಮಜ್ಜನ್ನ ಕುರ್ಚಿ ಸಮೇತ ಹೊತ್ತು ತರೂಕೆ ಹೇಳು. ಒಂದು ಕೊಡಲಿ ಇರಲಿ."

ಕೋಣೆ ತುಂಬಿತು. ಭರತ್ ಬಾಗಿಲಿಗೆ ಅಡ್ಡ ನಿಂತ. ಕಪ್ಪಿನ ಪಕ್ಕದಲ್ಲಿ ದಿನಕರ ಹೊಸ ಕೋಟು ಹಾಕಿ ನಿಂತಿದ್ದ. ತಿಮ್ಮಿ ಮಡಿಲಲ್ಲಿ ಚಕ್ಕೋತ ಇಟ್ಟುಕೊಂಡು ನೆಲಕ್ಕೆ ಕೂತಳು. ಸದಾಶಿವನಿಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಬಾವುಟದ ಕೋಲನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದ.

"ಮರ ಕಡಿದವ ಒಂದು ತುಂಡು ಒಯ್ದ," ಮಮತಕ್ಕ ಶುರು ಮಾಡಿದಳು. "ನಾಟಾ ಕಳ್ಳ ಆದ್ರೆ ನೆಟ್ಟಗಿನ ಉದ್ದ ಮರ ಬಿಟ್ಟು ಗಂಟಿನ ತುಂಡು ಯಾಕೆ ಒಯ್ತಾನೆ? ಅಕ್ಕಿ ಬಿಟ್ಟು ತೌಡು ಹೊತ್ತ ಹಾಗಾಯ್ತು. ದರ್ಶನನಿಗೆ ಸಿಟ್ಟು ಇದ್ದದ್ದು ಬೇರಿನ ಮೇಲೆ, ಅವನಿಗೆ ಆ ತುಂಡಿಂದ ಎಂತ ಆಗಬೇಕು? ಎದೆಮಟ್ಟದ ಗಂಟಿನೊಳಗೆ ಇದ್ದದ್ದು ಬಿಲ್ಲೆ. ನಾಡಿದ್ದು ಬಡಗಿ ತೆಗೀಬೇಕಿತ್ತು. ಬಿಲ್ಲೆಯೊಂದನ್ನೇ ಕೆತ್ತಿ ತೆಗೆದ್ರೆ ಯಾರಿಗೆ ಲಾಭ ಅಂತ ಊರಿಗೇ ತಿಳೀತದೆ. ಅದಕ್ಕೇ ಇಡೀ ಮರ ಬಿತ್ತು."

"ಅಂದ್ರೆ ಯಾರು ಅಂತೀರಿ?" ದಿನಕರ ಕೇಳಿದ. ದನಿ ಗಟ್ಟಿಯಾಗಿಯೇ ಇತ್ತು.

"ಹೇಳ್ತೆ. ಬುಡದ ಮೇಲೆ ಹಸಿರು ಚಿಗುರು, ಮೇಲೊಂದು ಕಲ್ಲು. ಬೆಳಿಗ್ಗೆ ಅಷ್ಟು ಜನ ನೋಡಿದ್ರು, ಅದೇನು ಅಂತ ಒಬ್ಬರೂ ಹೇಳಲಿಲ್ಲ. ಮರ ಕೊಯ್ಯುವವರ ಮನೆತನಕ್ಕೆ ಮಾತ್ರ ಗೊತ್ತಿರೂ ಪದ್ಧತಿ ಅದು. ಈ ಕ್ಲಬ್ಬಲ್ಲಿ ಅಂಥವ್ರು ಇಬ್ಬರೇ. ಒಬ್ಬರು ಶಾಂತಾರಾಮಜ್ಜ, ಕೈ ಎತ್ತೂಕೆ ಬರೂದಿಲ್ಲ. ಇನ್ನೊಬ್ಬ ಕೊಯ್ಯುವ ಬೀರಣ್ಣನ ಮಗ. ಊರಿಗೆ ಮೋಸ ಮಾಡೂಕೆ ಅವನಿಗೆ ಹೆದರಿಕೆ ಆಗಲಿಲ್ಲ ನೋಡಿ, ಮರದ ಶಾಪಕ್ಕೆ ಹೆದರಿದ."

"ಚಿಗುರು ಗಾಳಿಗೆ ಬಿದ್ದಿರಬಹುದು!" ದಿನಕರ ನಕ್ಕ.

"ಕಲ್ಲೂ ಗಾಳಿಗೆ ಬಿತ್ತಾ? ಇರಲಿ. ಗೌರಕ್ಕಂಗೆ ರಾತ್ರಿ ಬೆಕ್ಕು ಓಡಾಡಿದ್ದು ಕೇಳಿದೆ, ಚೈನ್‌ಸಾ ಕೇಳಲಿಲ್ಲ. ಅಂದ್ರೆ ಮರ ಬಿದ್ದದ್ದು ಮಿಲ್ ನಡೀತಾ ಇದ್ದಾಗ, ಸಂಜೆ. ಆಗ ದರ್ಶನ ಯಲ್ಲಾಪುರದಲ್ಲಿ ನನ್ನ ಸೀಟಿಗೆ ಓಡ್ತಾ ಇದ್ದ."

"ನಾನು ಗೆರೆ ಎಳೆಯೂವಾಗ ಮರ ನಿಂತಿತ್ತು, ನಿಂತಿತ್ತು!"

"ಸದಾಶಿವಣ್ಣ, ಬೆಳಿಗ್ಗೆ ಗೆರೆಯಿಂದ ಎತ್ತಿದ್ಯಲ್ಲ, ಮೇಲೆ ಎಂತ ಇತ್ತು?"

"ಸುಣ್ಣರಿ."

"ಅದರ ಕೆಳಗೆ?"

"ಮರದ ಹೊಟ್ಟು..." ಎಂದ ಸದಾಶಿವ ಬಾಯಿ ತೆರೆದೇ ನಿಂತ. ಬೆಳಗಿನಿಂದ ಅದು ಅವನ ಲುಂಗಿಯ ಮೇಲೇ ಇತ್ತು, ಅವನಿಗೆ ಹೊಳೆದಿರಲಿಲ್ಲ!

"ಅನ್ನ ಬಡಿಸಿ ಸಾರು ಹಾಕಿದ್ರೆ ಸಾರು ಮೇಲಿರ್ತದೆ," ಅಂದಳು ಮಮತಕ್ಕ. "ಗೆರೆ ಮೊದಲು, ಮರ ಆಮೇಲೆ ಅಂತಾದ್ರೆ ಹೊಟ್ಟು ಸುಣ್ಣದ ಮೇಲೆ ಬೀಳಬೇಕಿತ್ತು. ಇಲ್ಲಿ ಮೊದಲು ಮರ ಬಿದ್ದಿದೆ, ಆಮೇಲೆ ಗೆರೆ. ತುಂಡು ಉರುಳಿಸಿಕೊಂಡು ಹೋದ ಗುರುತು ಗೆರೆ ಮೇಲೆ ಬೀಳಬಾರದು ಅಂತ ಕೊನೆಗೆ ಎಳೆದದ್ದು. ಮಬ್ಬುಗತ್ತಲಲ್ಲಿ ಹೊಟ್ಟು ಕಾಣಲಿಲ್ಲ. ಗೆರೆ ಎಳೆದವ ತಾನೇ ಅಂತ ಅವನೇ ಎಲ್ಲರೆದುರು ಹೇಳಿದ್ದಾನೆ."

ಕೋಣೆಯಲ್ಲಿ ಗುಸುಗುಸು ಎದ್ದಿತು. ದಿನಕರನ ಹಣೆಯಲ್ಲಿ ಬೆವರು ಕಂಡಿತು. "ತುಂಡು ಎಲ್ಲಿ? ತೋರಿಸಿ ನೋಡೋಣ!" ಅಂದ. ಹಾಗನ್ನುತ್ತ ಅವನ ಕೈ ತಾನಾಗಿ ಮಖಮಲ್ ಬಟ್ಟೆಯ ಅಂಚು ಹಿಡಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!

"ಮುಟ್ಟಿದ್ಯಲ್ಲ, ಅಲ್ಲೇ," ಅಂದಳು ಮಮತಕ್ಕ. "ಮೈದಾನದ ಪಕ್ಕದ ಕೋಣೆ, ಕೀಲಿ ನಿನ್ನ ಹತ್ರ, ಅಲಂಕಾರ ನಿನ್ನ ಕೆಲಸ. ಜನ ಎಲ್ಲ ಕೈ ಮುಗಿಯೂ ಜಾಗದಲ್ಲಿ ಯಾರು ಹುಡುಕ್ತಾರೆ? ಸಮಾರಂಭ ಮುಗಿದ ಮೇಲೆ ನಿಧಾನ ಸೀಳಬಹುದು. ಸದಾಶಿವಣ್ಣ ಗಿಡ್ಡ ಆಗಲಿಲ್ಲ, ಕಪ್ಪು ಎತ್ತರ ಆಗಿದೆ."

ಅವಳು ಕಪ್ಪನ್ನು ಎತ್ತಿ ಸದಾಶಿವನ ಕೈಗಿಟ್ಟು ಬಟ್ಟೆ ಎಳೆದಳು. ಹಸಿ ಸಾಗವಾನಿಯ ಮೊಳದುದ್ದದ ತುಂಡು, ಮೈಯಲ್ಲಿ ಮುಷ್ಟಿಗಾತ್ರದ ಗಂಟು, ನಿಂತುಕೊಂಡಿತ್ತು. ಕಡೆಗೆ ಅದನ್ನು ಅಂಗಳಕ್ಕೆ ಹೊತ್ತು ತಂದರು. "ಗಂಟಿನ ಪಕ್ಕಕ್ಕೆ ಹೊಡಿ, ನೇರ ಬೇಡ," ಎಂದು ಶಾಂತಾರಾಮ ಅಜ್ಜ ಕುರ್ಚಿಯಿಂದ ಹೇಳಿದ. ದರ್ಶನ ಕೊಡಲಿ ಎತ್ತಿದ. ಮೂರನೆಯ ಪೆಟ್ಟಿಗೆ ಖಣ್ಣೆಂದಿತು.

ಕರ್ರಗಾದ ಹಿತ್ತಾಳೆ ಬಿಲ್ಲೆ. ಚೌಕದ್ದು.

ತಿಮ್ಮಿ ಎದ್ದು ಬಂದು ಅದನ್ನು ಸೆರಗಿನಿಂದ ತಿಕ್ಕಿದಳು. "ಇದು ನಂದೇ," ಅಂದಳು. "ಈ ಮೂಲೆ ಮುರಿದಿದೆ ನೋಡಿ. ದಿಮ್ಮಿ ಜಾರಿ ಬಿದ್ದಾಗ ಮುರಿದಿದ್ದು."

"ತಿಮ್ಮಿ!" ಅಜ್ಜ ಮಗುವಿನಂತೆ ಕೂಗಿದ. "ತಿಮ್ಮಿ, ತಿಮ್ಮಿ! ಹೆಸರು ಅದೇ!"

"ಇಷ್ಟು ವರ್ಷ ಹಣ್ಣು ತಂದುಕೊಡ್ತಾ ಇದ್ದೆ, ಒಂದು ಮಾತು ಹೇಳಬಾರದಿತ್ತಾ ತಿಮ್ಮಕ್ಕ?" ಮಮತಕ್ಕ ಕೇಳಿದಳು.

"ಹೇಳೂದೆಂತದು? ಎಲ್ಲರಿಗೂ ಗೊತ್ತಿತ್ತಲ್ಲ. ಗೊತ್ತಿದ್ದವ್ರು ಸತ್ತು ಸತ್ತು ಖಾಲಿ ಆದ್ರು, ನಾ ಎಂತ ಮಾಡ್ಲಿ!"

ದಿನಕರ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. "ಅಪ್ಪ ಈ ಕ್ಲಬ್ಬಿಗೆ ಮೈ ತೇದ," ಅಂದ, ಅಳು ತಡೆಯದೆ. "ಆಟದವ್ರಿಗೆ ಬೂಟು ತಂದ, ಮಳೆಯಲ್ಲಿ ಗೋಲ್ ಕಂಬ ಹೊತ್ತ. ಸಾಯೂ ತನಕ ಇದೇ ಮೈದಾನ. ಒಂದು ಕಲ್ಲಿನ ಮೇಲಾದ್ರೂ ಹೆಸರು ಬೇಡವಾ? ಮೊದಲ ದಿನ ಇರಲಿಲ್ಲ ಅನ್ನೂದೊಂದೇ ತಪ್ಪಾ?"

ಸದಾಶಿವನಿಗೆ ಬಯ್ಯಬೇಕೆನ್ನಿಸಿತು, ಆದರೆ ಬೈದದ್ದು ತಿಮ್ಮಿಯೇ, ಅದೂ ಮೆತ್ತಗೆ. "ಬೀರಣ್ಣ ಒಳ್ಳೆಯವ. ನನ್ನ ಹರಕು ಕಾಲಿಗೂ ಒಂದು ಜೊತೆ ಬೂಟು ತಂದಿದ್ದ. ಅವನ ಹೆಸರಿಗೆ ಇನ್ನೊಂದು ಮರ ನೆಡಬಹುದಿತ್ತಲ್ಲೋ ತಮಾ. ನನ್ನ ಮೊಮ್ಮಗನ ಕುತ್ತಿಗೆಗೇ ಗರಗಸ ಇಡಬೇಕಿತ್ತಾ?"

ಭರತ್ ದಿನಕರನ ಪಕ್ಕ ನಿಂತು, ಮಮತಕ್ಕನನ್ನು ನೋಡಿ, "ಹೆಸರು ಬರ್ಕೊಂಡೆ ಟೀಚರ್. ದರ್ಶನಂದಲ್ಲ," ಅಂದ. ಆಮೇಲೆ ದರ್ಶನನ ಬೆನ್ನು ತಟ್ಟಿ, "ಕೆಲಸಕ್ಕೆ ಸೇರಿದ ಮೇಲೆ ಕೊಡಲಿ ಇಷ್ಟು ಚಂದ ಎತ್ತಬೇಡ ಮಾರಾಯಾ," ಎಂದ. ದರ್ಶನ ನಗಲು ಹೋಗಿ ಅತ್ತುಬಿಟ್ಟ.

ಮೈದಾನದಲ್ಲಿ ಸಿದ್ದಾಪುರದವರು ಕಾದು ನಿಂತಿದ್ದರು. ಪ್ರತಿ ವರ್ಷ ಚಕ್ಕೋತಕ್ಕೆ ಕಾಲು ಮುಟ್ಟಿಸುತ್ತಿದ್ದವನು ಶಾಂತಾರಾಮ ಅಜ್ಜ. ಈ ಸಲ ಅವನು ಕುರ್ಚಿಯಿಂದಲೇ ತಿಮ್ಮಿಯ ಕಡೆ ಗದ್ದ ತೋರಿಸಿದ. ತಿಮ್ಮಿ ಬೇಡ ಎನ್ನಲಿಲ್ಲ. ಸೀರೆಯನ್ನು ಎತ್ತಿ ಕಚ್ಚೆ ಸಿಕ್ಕಿಸಿ, ಬಿಲ್ಲೆಯನ್ನು ಮಮತಕ್ಕನ ಕೈಗೆ ಕೊಟ್ಟು, ಹಣ್ಣನ್ನು ತಾನೇ ತಿರುಗಿಸಿ ತಿರುಗಿಸಿ ಇಟ್ಟಳು. ಸಂಪ್ರದಾಯದಂತೆ ಸಿದ್ದಾಪುರದ ಗೋಲ್‌ಕೀಪರ್ ಕೈಕಟ್ಟಿ ಪಕ್ಕಕ್ಕೆ ಸರಿದ.

"ಏ ತಮಾ, ನಿಲ್ಲು ಅಲ್ಲಿ ನಡುವೆ," ತಿಮ್ಮಿ ಗದರಿಸಿದಳು. "ಬಿಟ್ಟುಕೊಟ್ಟ ಗೋಲು ನಂಗೆ ಬೇಡ."

ಹುಡುಗ ನಗುತ್ತ ನಡುವೆ ಬಂದು ನಿಂತ. ತಿಮ್ಮಿ ಎಡಗಡೆ ನೋಡಿದಳು, ಅವನು ಎಡಕ್ಕೆ ಹಾರಿದ, ಹಣ್ಣು ಬಲಗಡೆಯಿಂದ ಉರುಳಿಕೊಂಡು ಗೆರೆ ದಾಟಿತು. ಗೆರೆಯ ಮೇಲೆ ಸದಾಶಿವ ಬಾವುಟ ಎತ್ತಿ ನಿಂತಿದ್ದ. ಮಮತಕ್ಕ ಸೀಟಿ ಊದಿ ಮುಗಿಸಿದರೂ, ಆಟ ಶುರುವಾಗಿ ಚೆಂಡು ಆಚೆ ತುದಿಗೆ ಹೋದರೂ, ಅವನು ಅಲ್ಲಿಂದ ಕದಲಲಿಲ್ಲ.